ಟ್ರಾಕ್ಟರ್ ಎಂಜಿನ್ ಅತಿಯಾಗಿ ಕಾಯುವುದೇಕೆ? ಕಾರಣ ಕಂಡುಹಿಡಿಯುವ ಕ್ರಮ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಭೂಮಿ ಸಿದ್ಧಪಡಿಸಿ ಬಿತ್ತಲು ಸಿಗುವ ಕಾಲ ಕೆಲವೇ ದಿನಗಳದು. ಆ ದಿನಗಳಲ್ಲಿ ಟ್ರಾಕ್ಟರಿನ ಎಂಜಿನ್ ಅತಿಯಾಗಿ ಕಾದು ಹೊಲದ ನಡುವೆ ನಿಂತರೆ ರಿಪೇರಿಯ ಖರ್ಚು ಒಂದು ಕಡೆ, ನೆಲದ ಹದ ತಪ್ಪುವುದು ಇನ್ನೊಂದು ಕಡೆ. ಖರ್ಚನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಹೋದ ಹದವನ್ನು ಮರಳಿ ತರಲಾಗದು.

ಬಯಲುಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಡೆಯಬಹುದಾದ ಸಂಗತಿಯೊಂದನ್ನು ಗಮನಿಸಿ. ಚಳಿಗಾಲದಲ್ಲಿ ಒಬ್ಬ ರೈತನ ಟ್ರಾಕ್ಟರಿನ ರೇಡಿಯೇಟರಿಗೆ ವಾರಕ್ಕೊಂದು ಚೊಂಬು ನೀರು ಸಾಕಾಗುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ದಿನಕ್ಕೊಂದು ಚೊಂಬು ಬೇಕಾಯಿತು. ಯುಗಾದಿಯ ಹೊತ್ತಿಗೆ ದಿನಕ್ಕೆ ಎರಡು ಸಲ ತುಂಬಬೇಕಾಯಿತು. ಚಾಲಕ ಕೊಳವೆಬಾವಿಯ ನೀರಿನ ಕ್ಯಾನೊಂದನ್ನು ಟ್ರಾಕ್ಟರಿಗೇ ಕಟ್ಟಿಕೊಂಡ. ಯಾರೋ ಹೇಳಿದರೆಂದು ಥರ್ಮೋಸ್ಟಾಟನ್ನೂ ಕಿತ್ತು ಹಾಕಿಸಲಾಯಿತು. ಮಳೆ ಬಿದ್ದು ರೋಟವೇಟರ್ ಹೊಡೆಯುವ ದಿನ ರೇಡಿಯೇಟರ್ ಬರಿದಾಗಿ ಎಂಜಿನ್ ನಿಂತಿತು. ಕಾದು ಕೆಂಡವಾಗಿದ್ದ ಎಂಜಿನ್ನಿಗೆ ಕ್ಯಾನಿನ ತಣ್ಣೀರನ್ನು ಸುರಿದಾಗ ಸಿಲಿಂಡರ್ ಹೆಡ್ ಬಿರಿಯಿತು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಮೂಲ ಕಾರಣ ತಿಳಿಯಿತು. ವಾಟರ್ ಪಂಪಿನ ಸೀಲು ಸವೆದು ಸಣ್ಣಗೆ ಸೋರುತ್ತಿತ್ತು. ಎಂಜಿನ್ ತಿಂಗಳುಗಟ್ಟಲೆ ನೀರು ಕೇಳಿತು, ಕೇಳಿದಾಗಲೆಲ್ಲ ಕೊಡಲಾಯಿತು. ಹಿಂದೆ ಕೊಟ್ಟ ನೀರು ಎಲ್ಲಿ ಹೋಯಿತೆಂದು ಮಾತ್ರ ಯಾರೂ ಕೇಳಲಿಲ್ಲ.

ಮೈ ಬಿಸಿಯಾದಾಗ ವೈದ್ಯರು ಜ್ವರವನ್ನಷ್ಟೇ ನೋಡದೆ ಅದರ ಕಾರಣವನ್ನು ಹುಡುಕುತ್ತಾರೆ. ಎಂಜಿನ್ ಕಾಯುವುದೂ ಅಂಥದೇ ಒಂದು ಲಕ್ಷಣ. ಅದರ ಹಿಂದೆ ಹತ್ತಾರು ಕಾರಣಗಳಿರಬಹುದು. ಆದರೆ ಕ್ರಮವಾಗಿ ನೋಡಿದರೆ ಬಹುಪಾಲು ಕಾರಣಗಳನ್ನು ಏನನ್ನೂ ಬಿಚ್ಚದೆ, ರೈತನೇ ಹೊಲದಲ್ಲಿ ಗುರುತಿಸಬಹುದು.

ಶಾಖ ಎಲ್ಲಿಂದ ಬರುತ್ತದೆ?

ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಂದಿಗೆ ಸೈಲೆನ್ಸರಿನಿಂದ ಹೊರಬೀಳುತ್ತದೆ. ಉಳಿದುದರಲ್ಲಿ ಹೆಚ್ಚಿನ ಭಾಗವನ್ನು ತಂಪು ಮಾಡುವ ನೀರು ಹೊತ್ತು ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕು. ಒಂದು ಲೀಟರ್ ಡೀಸೆಲ್ ಉರಿದಾಗ ಹೀಗೆ ನೀರು ಹೊರಬೇಕಾದ ಶಾಖವು ಸುಮಾರು 30 ರಿಂದ 40 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಉಳುಮೆಯಲ್ಲಿ ಗಂಟೆಗೆ ನಾಲ್ಕೈದು ಲೀಟರ್ ಡೀಸೆಲ್ ಕುಡಿಯುವ ಟ್ರಾಕ್ಟರ್ ಎಷ್ಟು ಶಾಖವನ್ನು ಹೊರಹಾಕಬೇಕೆಂದು ಇದರಿಂದ ಲೆಕ್ಕ ಹಾಕಬಹುದು.

ಈ ಶಾಖ ಹೊರಗೆ ಹೋಗಲು ನಾಲ್ಕು ಅಂಶಗಳು ಸರಿಯಾಗಿರಬೇಕು. ಸಾಕಷ್ಟು ನೀರು ಇರಬೇಕು. ಆ ನೀರು ಎಂಜಿನ್ ಮತ್ತು ರೇಡಿಯೇಟರುಗಳ ನಡುವೆ ಸುತ್ತುತ್ತಿರಬೇಕು. ರೇಡಿಯೇಟರಿನ ಎಲೆಗಳ ನಡುವೆ ಗಾಳಿ ಹಾಯಬೇಕು. ಎಂಜಿನ್ ತನ್ನ ಶಕ್ತಿಗೆ ತಕ್ಕಷ್ಟೇ ಭಾರ ಎಳೆಯುತ್ತಿರಬೇಕು. ಅತಿಯಾಗಿ ಕಾಯುವ ಎಂಜಿನ್ನಿನ ದೋಷ ಸಾಮಾನ್ಯವಾಗಿ ನೀರು, ಸುತ್ತುವಿಕೆ, ಗಾಳಿ, ಭಾರ ಈ ನಾಲ್ಕರಲ್ಲಿ ಒಂದರಲ್ಲಿರುತ್ತದೆ.

ಕಾದ ಕೂಡಲೇ ಮಾಡಬೇಕಾದುದು

ಮೀಟರಿನ ಮುಳ್ಳು ಕೆಂಪು ಗುರುತಿಗೆ ಬಂದ ಕೂಡಲೇ ಉಪಕರಣವನ್ನು ಎತ್ತಿ ಭಾರ ಇಳಿಸಬೇಕು. ಬೆಲ್ಟ್ ತಿರುಗುತ್ತಿದ್ದು, ನೀರು ಹೊರಚೆಲ್ಲದೆ, ಎಣ್ಣೆಯ ಒತ್ತಡ ಸರಿಯಾಗಿದ್ದರೆ ಎಂಜಿನ್ನನ್ನು ತಟ್ಟನೆ ನಿಲ್ಲಿಸದೆ ಮೂರರಿಂದ ಐದು ನಿಮಿಷ ನಿಧಾನವಾಗಿ ಓಡಲು ಬಿಡಬೇಕು. ಫ್ಯಾನ್ ಮತ್ತು ಪಂಪು ಒಳಗಿನ ಶಾಖವನ್ನು ಹೊರತರುತ್ತವೆ. ಆದರೆ ಬೆಲ್ಟ್ ಹರಿದಿದ್ದರೆ, ರಬ್ಬರ್ ಕೊಳವೆ ಒಡೆದಿದ್ದರೆ ಅಥವಾ ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದರೆ ಒಂದು ನಿಮಿಷವೂ ಕಾಯದೆ ಎಂಜಿನ್ ನಿಲ್ಲಿಸಬೇಕು.

ಕಾದ ರೇಡಿಯೇಟರಿನ ಮುಚ್ಚಳವನ್ನು ತೆಗೆಯಬಾರದು. ಒಳಗೆ ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲವಾದ ಕ್ಷಣವೇ ಕುದಿದು ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಈ ಸುಟ್ಟಗಾಯ ಕಣ್ಣನ್ನೇ ಕಳೆಯಬಹುದು. ಕನಿಷ್ಠ ಅರ್ಧ ಗಂಟೆ ತಣಿಯಲು ಬಿಟ್ಟು, ಮಡಿಸಿದ ಒದ್ದೆ ಗೋಣಿಚೀಲವನ್ನು ಮುಚ್ಚಳದ ಮೇಲೆ ಹಾಕಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ ಆವಿಯನ್ನು ಬಿಡಬೇಕು. ಸದ್ದು ಪೂರ್ತಿ ನಿಂತ ಮೇಲೆ ತೆಗೆಯಬೇಕು.

ಬರಿದಾಗಿ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಎರಕದ ಕಬ್ಬಿಣ ಒಂದೇ ಕಡೆ ತಟ್ಟನೆ ಕುಗ್ಗಿ ಬಿರಿಯುತ್ತದೆ. ಕೈ ಇಡುವಷ್ಟು ತಣಿದ ಮೇಲೆ, ಎಂಜಿನ್ನನ್ನು ನಿಧಾನವಾಗಿ ಓಡಿಸುತ್ತಾ ಸ್ವಲ್ಪ ಸ್ವಲ್ಪವೇ ನೀರು ಸೇರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೀಟರಿನ ಮುಳ್ಳು ಕೆಳಗಿದೆಯೆಂದ ಮಾತ್ರಕ್ಕೆ ಎಂಜಿನ್ ತಂಪಾಗಿದೆಯೆಂದು ತಿಳಿಯಬಾರದು. ಶಾಖ ಅಳೆಯುವ ಸಾಧನ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ನೀರೆಲ್ಲ ಸೋರಿ ಹೋದಾಗ ಮುಳ್ಳು ಕೆಳಗಿಳಿಯಲೂಬಹುದು. ಶಕ್ತಿ ಕುಗ್ಗುವುದು, ಕಾದ ಎಣ್ಣೆಯ ಕಮಟು ವಾಸನೆ, ಹೊಸದಾಗಿ ಕೇಳುವ ಬಡಿತದ ಸದ್ದು ಇವನ್ನು ಚಾಲಕನ ಕಿವಿ, ಮೂಗುಗಳೇ ಗುರುತಿಸಬೇಕು.

ಮೊದಲು ಮೂರು ಪ್ರಶ್ನೆಗಳು

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಒಂದನೆಯದು, ಎಂಜಿನ್ ಯಾವಾಗ ಕಾಯುತ್ತದೆ? ಭಾರವಿಲ್ಲದೆ, ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಕಾದರೆ ನೀರು ಇಲ್ಲ ಅಥವಾ ಇದ್ದರೂ ಸುತ್ತುತ್ತಿಲ್ಲ. ಇಲ್ಲವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ರಸ್ತೆಯಲ್ಲಿ ಖಾಲಿ ಓಡುವಾಗ ಸರಿಯಿದ್ದು ಉಳುಮೆಯಲ್ಲಿ ಮಾತ್ರ ಕಾದರೆ ರೇಡಿಯೇಟರ್ ಭಾಗಶಃ ಕಟ್ಟಿಕೊಂಡಿದೆ ಅಥವಾ ಭಾರ ಹೆಚ್ಚಾಗಿದೆ. ಕಣದಲ್ಲಿ ನಿಂತು ಒಕ್ಕಣೆ ಯಂತ್ರ ನಡೆಸುವಾಗ ಮಾತ್ರ ಕಾದರೆ ಹೊಟ್ಟನ್ನು ಸಂಶಯಿಸಬೇಕು.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕಾಯುವುದಕ್ಕೂ ಲೆಕ್ಕವಿದೆ. ರೇಡಿಯೇಟರ್ ಬಿಡುವ ಶಾಖವು ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನೀರು 95 ಡಿಗ್ರಿ ಸೆಲ್ಸಿಯಸ್, ಗಾಳಿ 25 ಡಿಗ್ರಿ ಇದ್ದಾಗ ಅಂತರ 70 ಡಿಗ್ರಿ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಗಾಳಿಯೇ 42 ಡಿಗ್ರಿಯಾದಾಗ ಅಂತರ 53ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರಿನ ಸಾಮರ್ಥ್ಯ ಸುಮಾರು ಕಾಲುಭಾಗ ಕಡಿಮೆಯಾದಂತೆ. ಡಿಸೆಂಬರಿನಲ್ಲಿ ಮರೆಯಾಗಿದ್ದ ದೋಷ ಏಪ್ರಿಲಿನಲ್ಲಿ ಬಯಲಾಗುವುದು ಇದರಿಂದಲೇ. ಬಿಸಿಲನ್ನು ದೂರಿ ಸುಮ್ಮನಾಗಬಾರದು. ಸುಸ್ಥಿತಿಯಲ್ಲಿರುವ ಟ್ರಾಕ್ಟರ್ ಬೇಸಿಗೆಯಲ್ಲೂ ದುಡಿಯಬೇಕು.

ಎರಡನೆಯದು, ನೀರು ಕಡಿಮೆಯಾಗುತ್ತಿದೆಯೆ? ನೀರಿನ ಮಟ್ಟ ಇಳಿಯದೆಯೂ ಕಾಯುತ್ತಿದ್ದರೆ ದೋಷ ಸುತ್ತುವಿಕೆ, ಗಾಳಿ ಅಥವಾ ಭಾರದಲ್ಲಿದೆ. ಮಟ್ಟ ಇಳಿಯುತ್ತಿದ್ದರೆ ಆ ನೀರು ಹೊರಗೆ ಸೋರುತ್ತಿರಬೇಕು, ಆವಿಯಾಗಿ ಹೋಗುತ್ತಿರಬೇಕು ಅಥವಾ ಎಂಜಿನ್ನಿನ ಒಳಗೆ ಇಳಿಯುತ್ತಿರಬೇಕು. ಬೇರೆ ದಾರಿಯಿಲ್ಲ.

ಮೂರನೆಯದು, ಈಚೆಗೆ ಏನು ಬದಲಾಗಿದೆ? ದೊಡ್ಡ ರೋಟವೇಟರ್ ಕಟ್ಟಲಾಯಿತೆ? ಡೀಸೆಲ್ ಪಂಪು ಬಿಚ್ಚಿ ಜೋಡಿಸಲಾಯಿತೆ? ಬೆಲ್ಟ್ ಹೊಸದೆ? ನೀರು ತುಂಬುವ ಮೂಲ ಬದಲಾಯಿತೆ? ದೋಷವು ಬಹಳ ಸಲ ಕೊನೆಯದಾಗಿ ಕೈಯಾಡಿಸಿದ ಜಾಗದ ಹತ್ತಿರವೇ ಸಿಗುತ್ತದೆ.

ಹೊರಗಿನಿಂದ ಒಳಕ್ಕೆ

ಪರೀಕ್ಷೆಯನ್ನು ಖರ್ಚಿಲ್ಲದ ಕಡೆಯಿಂದ ಆರಂಭಿಸಿ ಖರ್ಚಿನ ಕಡೆಗೆ ಸಾಗಬೇಕು. ಇವೆಲ್ಲವನ್ನೂ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಮಾಡಬೇಕು. ಓಡುತ್ತಿರುವಾಗ ನೋಡಬೇಕಾದುದನ್ನು ಆಯಾ ಕಡೆ ಹೇಳಿದೆ. ಆಗ ಫ್ಯಾನಿನ ಹತ್ತಿರ ಪಂಚೆ, ಟವೆಲು, ಸೀರೆಯ ಸೆರಗು ಸುಳಿಯಬಾರದು.

1. ಗಾಳಿಯ ದಾರಿ: ಬಾನೆಟ್ ತೆಗೆದು ಮುಂದಿನ ಜಾಲರಿ ಮತ್ತು ರೇಡಿಯೇಟರಿನ ಎಲೆಗಳನ್ನು ನೋಡಬೇಕು. ರಾಗಿ, ಭತ್ತ, ಮೆಕ್ಕೆಜೋಳದ ಒಕ್ಕಣೆಯಲ್ಲಿ ಹೊಟ್ಟು, ಕೆಸರು ಗದ್ದೆಯಲ್ಲಿ ಮಣ್ಣು, ರಸ್ತೆಯಲ್ಲಿ ಹುಳುಗಳು ಕಟ್ಟಿಕೊಂಡು ಕಂಬಳಿ ಹೊದಿಸಿದಂತಾಗಿರುತ್ತದೆ. ಫ್ಯಾನ್ ಗಾಳಿಯನ್ನು ಮುಂದಿನಿಂದ ಹಿಂದಕ್ಕೆ ಎಳೆಯುವ ಟ್ರಾಕ್ಟರುಗಳಲ್ಲಿ ಕಸವನ್ನು ಹಿಂದಿನಿಂದ ಮುಂದಕ್ಕೆ ತಳ್ಳಬೇಕು. ಕಡಿಮೆ ಒತ್ತಡದ ಗಾಳಿ ಅಥವಾ ನೀರು ಸಾಕು. ವಾಹನ ತೊಳೆಯುವ ಯಂತ್ರದ ರಭಸದ ಧಾರೆಗೆ ತೆಳು ಎಲೆಗಳು ಮಡಿಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಒಕ್ಕಣೆಯ ಕಾಲದಲ್ಲಿ ಟ್ರಾಕ್ಟರನ್ನು ಹೊಟ್ಟು ಅದರ ಕಡೆಗೆ ಹಾರದಂತೆ ಗಾಳಿ ನೋಡಿ ನಿಲ್ಲಿಸಬೇಕು. ಜಾಲರಿಯನ್ನು ದಿನಕ್ಕೆ ಎರಡು ಮೂರು ಸಲ ಒರೆಸಬೇಕು.

2. ಬೆಲ್ಟ್: ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸಾಮಾನ್ಯವಾಗಿ 10 ರಿಂದ 15 ಮಿ.ಮೀ. ಬಗ್ಗಬೇಕು. ನಿಮ್ಮ ಟ್ರಾಕ್ಟರಿನ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸಬೇಕು. ಸಡಿಲವಾದರೆ ಬೆಲ್ಟ್ ಜಾರಿ ಫ್ಯಾನ್, ಪಂಪು ಎರಡೂ ನಿಧಾನವಾಗುತ್ತವೆ. ಬಿಗಿ ಹೆಚ್ಚಾದರೆ ಪಂಪಿನ ಬೇರಿಂಗ್ ಸವೆಯುತ್ತದೆ. ಎಣ್ಣೆ ತಾಗಿ ಹೊಳೆಯುವ, ಒಳಮೈ ಬಿರಿದ ಬೆಲ್ಟನ್ನು ಬದಲಾಯಿಸಬೇಕು. ಒಂದು ಬೆಲ್ಟ್ ಸದಾ ಟ್ರಾಕ್ಟರಿನ ಪೆಟ್ಟಿಗೆಯಲ್ಲಿರಬೇಕು.

3. ಮುಚ್ಚಳ: ಮುಚ್ಚಳವೂ ಒಂದು ಯಂತ್ರಭಾಗವೆಂಬುದನ್ನು ಹಲವರು ಮರೆಯುತ್ತಾರೆ. ಬೆಂಗಳೂರು, ಕೋಲಾರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂ ಒತ್ತಡ ಹಿಡಿಯುವ ಮುಚ್ಚಳ ಹಾಕಿದರೆ ಕುದಿಯುವ ಹಂತ ಸುಮಾರು 110 ಡಿಗ್ರಿಗೆ ಏರುತ್ತದೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಈ ಲಾಭ ಹೋಗಿ ನೀರು ಬೇಗ ಕುದಿದು ಚೆಲ್ಲುತ್ತದೆ. ಎಂಜಿನ್ ತಣಿದ ಮೇಲೆ ರಬ್ಬರ್ ಕೊಳವೆ ಚಪ್ಪಟೆಯಾಗಿದ್ದರೆ ಮುಚ್ಚಳದ ಒಳಗಿನ ಸಣ್ಣ ಕವಾಟ ಕಟ್ಟಿಕೊಂಡಿದೆಯೆಂದು ತಿಳಿಯಬೇಕು. ಮುಚ್ಚಳ ಕಳೆದಾಗ ಬಟ್ಟೆ ತುರುಕಿ ಓಡಿಸುವುದು ಎಂಜಿನ್ನಿಗೆ ಮಾಡುವ ಅನ್ಯಾಯ.

4. ಸೋರಿಕೆ: ರಾತ್ರಿ ಟ್ರಾಕ್ಟರಿನ ಕೆಳಗೆ ಒಣ ರಟ್ಟು ಅಥವಾ ಹಳೆಯ ಕಾಗದ ಹಾಸಿ ಬೆಳಿಗ್ಗೆ ಕಲೆ ಎಲ್ಲಿದೆಯೆಂದು ನೋಡಬೇಕು. ಕೊಳವೆಯ ಕ್ಲಿಪ್ಪು, ನೀರು ಬಿಡುವ ನಲ್ಲಿ, ರೇಡಿಯೇಟರಿನ ತಳ ಇವನ್ನು ಬೆರಳಾಡಿಸಿ ಪರೀಕ್ಷಿಸಬೇಕು. ವಾಟರ್ ಪಂಪಿನ ಕೆಳಭಾಗದಲ್ಲಿ ಸಣ್ಣ ರಂಧ್ರವೊಂದಿರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಅಥವಾ ಸುಣ್ಣದ ಬಿಳಿ ಗೆರೆ ಇಳಿದಿದ್ದರೆ ಪಂಪಿನ ಸೀಲು ಸವೆದಿದೆ. ಆ ರಂಧ್ರವನ್ನು ಎಂ-ಸೀಲಿನಿಂದಾಗಲಿ ಮೊಳೆಯಿಂದಾಗಲಿ ಮುಚ್ಚಬಾರದು. ಸೋರಿಕೆಯ ಸುದ್ದಿ ಹೇಳಲೆಂದೇ ಅದನ್ನು ಇಟ್ಟಿರುವುದು. ಮುಚ್ಚಿದರೆ ನೀರು ಬೇರಿಂಗಿಗೆ ಹೋಗುತ್ತದೆ.

5. ಸುತ್ತುವಿಕೆ: ಎಂಜಿನ್ ಕಾದಿದ್ದರೂ ರೇಡಿಯೇಟರಿಗೆ ಹೋಗುವ ಮೇಲಿನ ಕೊಳವೆ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರುವ ಸಂಭವ ಹೆಚ್ಚು. ಇದನ್ನು ಬಿಚ್ಚಿ, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ ನೋಡಬಹುದು. ಅದರ ಮೇಲೆ ಅಚ್ಚೊತ್ತಿದ ಉಷ್ಣತೆಯ ಆಸುಪಾಸಿನಲ್ಲಿ, ಅನೇಕ ಎಂಜಿನ್ನುಗಳಲ್ಲಿ 75 ರಿಂದ 85 ಡಿಗ್ರಿಯ ನಡುವೆ, ಅದು ತೆರೆಯತೊಡಗಬೇಕು. ಕೆಟ್ಟಿದ್ದರೆ ಅದೇ ಅಳತೆಯ ಹೊಸದನ್ನು ಹಾಕಬೇಕು. ಕಿತ್ತೆಸೆದು ಓಡಿಸುವ ರೂಢಿ ತಪ್ಪು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಸರಿಯಾಗಿ ಉರಿಯದು, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ತಿರುಗಿ ಬರುವುದರಿಂದ ಶಾಖ ಇನ್ನೂ ಹೆಚ್ಚಾಗುತ್ತದೆ.

ಕೆಲಸದ ನಂತರ ಎಂಜಿನ್ ನಿಲ್ಲಿಸಿದ ಕೂಡಲೇ ರೇಡಿಯೇಟರಿನ ಮೈಮೇಲೆ ಅಲ್ಲಲ್ಲಿ ಉಷ್ಣತೆ ನೋಡಿದಾಗ ನಡುನಡುವೆ ತಣ್ಣನೆಯ ಪಟ್ಟಿಗಳು ಕಂಡರೆ ಆ ಭಾಗದ ನಳಿಗೆಗಳು ಒಳಗೆ ಕಟ್ಟಿಕೊಂಡಿವೆ. ದೂರದಿಂದಲೇ ಉಷ್ಣತೆ ಅಳೆಯುವ ಕೈಸಾಧನ ಇದ್ದರೆ ಈ ಪರೀಕ್ಷೆ ಸುಲಭ.

6. ಭಾರ ಮತ್ತು ಗಾಳಿ ಶೋಧಕ: ಎಂಜಿನ್ನಿನ ಸದ್ದು ಕುಗ್ಗಿ ಕಪ್ಪು ಹೊಗೆ ಬಂದರೆ ಅದು ಶಕ್ತಿ ಮೀರಿ ಎಳೆಯುತ್ತಿದೆ. ರೋಟವೇಟರಿನ ಆಳ ಕಡಿಮೆ ಮಾಡಬೇಕು ಅಥವಾ ಕೆಳಗಿನ ಗೇರಿಗೆ ಬರಬೇಕು. ಕಬ್ಬಿನ ಹಂಗಾಮಿನಲ್ಲಿ ಮಿತಿ ಮೀರಿ ತುಂಬಿದ ಟ್ರೈಲರುಗಳು, ಡೀಸೆಲ್ ಪಂಪಿನ ಸೀಲು ಒಡೆದು ಹೆಚ್ಚು ಡೀಸೆಲ್ ಬಿಡುವುದು, ಬಿಡದೆ ಹಿಡಿದಿರುವ ಬ್ರೇಕು ಇವೆಲ್ಲ ಎಂಜಿನ್ನನ್ನು ಕಾಯಿಸುತ್ತವೆ. ಏರ್ ಕ್ಲೀನರ್ ಧೂಳಿನಿಂದ ತುಂಬಿದ್ದರೂ ಕಪ್ಪು ಹೊಗೆ ಬರುತ್ತದೆ. ಆದ್ದರಿಂದ ಅದನ್ನು ಮೊದಲು ನೋಡಿ ನಂತರ ನಾಜಲ್, ಡೀಸೆಲ್ ಬಿಡುವ ಸಮಯ ಮುಂತಾದವನ್ನು ಮೆಕ್ಯಾನಿಕ್‌ಗೆ ಒಪ್ಪಿಸಬೇಕು. ಕೀಲೆಣ್ಣೆಯೂ ಶಾಖವನ್ನು ಹೊರುತ್ತದೆ. ಅದರ ಮಟ್ಟವನ್ನು ದಿನವೂ ನೋಡಬೇಕು.

7. ಎಂಜಿನ್ನಿನ ಒಳಗೆ: ಎಣ್ಣೆ ಅಳೆಯುವ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆತ ಚಹಾದಂತೆ ಕಂಡರೆ, ಅದರ ಮಟ್ಟ ತಾನಾಗಿ ಏರಿದರೆ ನೀರು ಎಣ್ಣೆಗೆ ಸೇರುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಆವಿ ಬರುತ್ತಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ತಣ್ಣಗಿರುವ ಎಂಜಿನ್ನಿನ ಮುಚ್ಚಳ ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರಿದಿದೆ. ಈ ಮೂರರಲ್ಲಿ ಯಾವುದು ಕಂಡರೂ ಟ್ರಾಕ್ಟರನ್ನು ಓಡಿಸದೆ ಗ್ಯಾರೇಜಿಗೆ ಎಳೆದೊಯ್ಯಬೇಕು. ನೀರು ಬೆರೆತ ಎಣ್ಣೆಯಿಂದ ಬೇರಿಂಗುಗಳು ಹಾಳಾಗಿ ಎಂಜಿನ್ ಸೀಜ್ ಆಗುತ್ತದೆ.

ಯಾವ ನೀರು ತುಂಬಬೇಕು?

ಕೋಲಾರ, ಚಿತ್ರದುರ್ಗ, ತುಮಕೂರು, ವಿಜಯಪುರ ಮುಂತಾದ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರು ಗಡಸು. ಅನ್ನ ಬೇಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಈ ಪದರ ಶಾಖವನ್ನು ಬಿಟ್ಟುಕೊಡುವುದರಲ್ಲಿ ಎರಕದ ಕಬ್ಬಿಣಕ್ಕಿಂತ ಹಲವು ಪಟ್ಟು ಹಿಂದೆ. ಒಂದು ಮಿಲಿಮೀಟರ್ ಪದರ ಕಟ್ಟಿದರೆ ಸಿಲಿಂಡರಿನ ಗೋಡೆಗೆ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪ ಕಬ್ಬಿಣ ಹೊದಿಸಿದಂತೆಯೇ. ಸೋರುವ ಎಂಜಿನ್ನಿಗೆ ದಿನವೂ ಗಡಸು ನೀರು ತುಂಬುವವನು ದಿನವೂ ಒಂದಿಷ್ಟು ಸುಣ್ಣವನ್ನು ತುಂಬುತ್ತಿರುತ್ತಾನೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ.

ಕೈಪಿಡಿ ಹೇಳಿದ ಕೂಲಂಟನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬುವುದು ಉತ್ತಮ. ಅದು ತುಕ್ಕನ್ನು ತಡೆದು ಕುದಿಯುವ ಹಂತವನ್ನೂ ಏರಿಸುತ್ತದೆ. ಬೆರೆಸಲು ಬಟ್ಟಿ ಇಳಿಸಿದ ನೀರು ಒಳ್ಳೆಯದು. ಅದು ಸಿಗದ ಕಡೆ ಸೋಸಿದ ಮಳೆನೀರು ಅಥವಾ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರು ಕೊಳವೆಬಾವಿಯ ನೀರಿಗಿಂತ ಲೇಸು. ಬೇರೆ ಬೇರೆ ಬಗೆಯ ಕೂಲಂಟುಗಳನ್ನು ಒಂದರೊಡನೊಂದು ಬೆರೆಸಬಾರದು. ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಬಿಚ್ಚಿ ತೆಗೆದ ಕೂಲಂಟನ್ನು ದನಕರು, ನಾಯಿ, ಮಕ್ಕಳ ಕೈಗೆ ಸಿಗುವ ಕಡೆ ತೆರೆದಿಡಬಾರದು, ಬಾವಿ ಕೆರೆಗಳ ಬಳಿ ಚೆಲ್ಲಬಾರದು. ಕಟ್ಟಿರುವ ಪದರವನ್ನು ತೆಗೆಯಲು ಊಹೆಯ ಮೇಲೆ ಆಮ್ಲವನ್ನಾಗಲಿ ವಾಷಿಂಗ್ ಸೋಡವನ್ನಾಗಲಿ ಹಾಕಬಾರದು. ಇವು ಅಲ್ಯೂಮಿನಿಯಂ ರೇಡಿಯೇಟರನ್ನು ತಿಂದುಹಾಕುತ್ತವೆ.

ಕಾರು, ಜೀಪುಗಳಿಗೂ ಇದೇ ಕ್ರಮ

ಈಗ ಅನೇಕ ರೈತರ ಮನೆಗಳಲ್ಲಿ ಕಾರು, ತರಕಾರಿ ಸಾಗಿಸುವ ಸಣ್ಣ ವಾಹನಗಳಿವೆ. ಅವುಗಳಿಗೂ ಇದೇ ಮೂರು ಪ್ರಶ್ನೆಗಳು ಅನ್ವಯಿಸುತ್ತವೆ. ಊರೊಳಗೆ ನಿಂತು ನಿಂತು ಸಾಗುವಾಗ ಕಾದು, ಹೆದ್ದಾರಿಯಲ್ಲಿ ತಣಿದರೆ ಫ್ಯಾನನ್ನು ಸಂಶಯಿಸಬೇಕು. ವೇಗದಲ್ಲಿ ಓಡುವಾಗ ಗಾಳಿ ತಾನಾಗಿ ನುಗ್ಗುವುದರಿಂದ ಫ್ಯಾನಿನ ದೋಷ ಮರೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಹೆದ್ದಾರಿಯಲ್ಲಿ, ಘಟ್ಟ ಹತ್ತುವಾಗ ಕಾದರೆ ರೇಡಿಯೇಟರಿನ ಒಳಗೆ ಕಟ್ಟಿರುವುದು, ಪಂಪು ಅಥವಾ ಥರ್ಮೋಸ್ಟಾಟ್ ಕಾರಣವಾಗಿರಬಹುದು. ಅನೇಕ ಕಾರುಗಳ ಫ್ಯಾನ್ ವಿದ್ಯುತ್ತಿನಿಂದ ತಿರುಗುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಅದು ಇದ್ದಕ್ಕಿದ್ದಂತೆ ತಿರುಗಬಹುದಾದ್ದರಿಂದ ಕೈಹಾಕುವಾಗ ಎಚ್ಚರ ಬೇಕು.

ಒಂದು ಪುಸ್ತಕ, ಒಂದು ಪೆನ್ಸಿಲ್

ಕೊನೆಯದಾಗಿ, ಖರ್ಚಿಲ್ಲದ ಒಂದು ಸಲಹೆ. ಟ್ರಾಕ್ಟರಿನ ಪೆಟ್ಟಿಗೆಯಲ್ಲಿ ಚಿಕ್ಕ ಪುಸ್ತಕವೊಂದನ್ನು ಇಡಬೇಕು. ಪ್ರತಿದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೀರು ಮತ್ತು ಎಣ್ಣೆಯ ಮಟ್ಟ ನೋಡಿ, ಸೇರಿಸಿದ್ದರೆ ತಾರೀಖು, ಗಂಟೆಯ ಮೀಟರಿನ ಅಂಕಿ, ಸೇರಿಸಿದ ಪ್ರಮಾಣ ಬರೆಯಬೇಕು. ಒತ್ತಡದ ಮುಚ್ಚಳವಿರುವ ಸರಿಯಾದ ಎಂಜಿನ್ನಿಗೆ ನೀರು ಸೇರಿಸುವ ಪ್ರಮೇಯ ಬಹಳ ಅಪರೂಪ. ಒಂದು ವಾರದಲ್ಲಿ ಎರಡು ಸಲ ಬರೆಯಬೇಕಾಗಿ ಬಂದರೆ ಮೂರನೆಯ ಸಲ ನೀರು ಸುರಿಯುವ ಮೊದಲು ಅದು ಹೋಗುವ ದಾರಿಯನ್ನು ಹುಡುಕಬೇಕು. ಚಾಲಕ ಬದಲಾದರೂ ಪುಸ್ತಕ ಟ್ರಾಕ್ಟರಿನಲ್ಲೇ ಉಳಿಯುತ್ತದೆ. ಮೆಕ್ಯಾನಿಕ್‌ಗೂ ಅದು ಅರ್ಧ ಕೆಲಸ ಹಗುರ ಮಾಡುತ್ತದೆ.

ಆರಂಭದಲ್ಲಿ ಹೇಳಿದ ರೈತನ ಟ್ರಾಕ್ಟರಿನಲ್ಲಿ ಇಂಥ ಪುಸ್ತಕವಿದ್ದಿದ್ದರೆ ಶಿವರಾತ್ರಿಯ ಹೊತ್ತಿಗೇ ಅದು ಎಚ್ಚರಿಸುತ್ತಿತ್ತು. ಬಿಡುವಿನ ದಿನಗಳಲ್ಲಿ ಪಂಪಿನ ಸೀಲು ಬದಲಾಯಿಸಿ ಮುಗಿಯುತ್ತಿದ್ದ ಕೆಲಸ ಬಿತ್ತನೆಯ ದಿನ ಹೆಡ್ಡಿನ ಬೆಲೆ ಕೇಳುತ್ತಿರಲಿಲ್ಲ. ಮುಂಗಾರಿಗೆ ಮೊದಲು ಬೀಜ, ಗೊಬ್ಬರ ಸಿದ್ಧಮಾಡಿಕೊಳ್ಳುವಂತೆಯೇ ಒಂದು ಬೆಳಗಿನ ಹೊತ್ತನ್ನು ಬೆಲ್ಟ್, ಮುಚ್ಚಳ, ಕೊಳವೆ, ರೇಡಿಯೇಟರುಗಳ ಪರೀಕ್ಷೆಗೆ ಮೀಸಲಿಡಿ. ಹದ ಬಂದ ದಿನ ಟ್ರಾಕ್ಟರ್ ಹೊಲದಲ್ಲಿರಲಿ.